ಒಂದು ಹಾಡು ಬಿಟ್ಟು

1953ರ ಹಿಂದಿ ಚಿತ್ರ ‘ಅನಾರ್ಕಲಿ’ಯ ಹಾಡುಗಳನ್ನು ಸಾಲಾಗಿ ಕೇಳುತ್ತ ಹೋದರೆ ಒಂದು ಕಡೆ ಕಿವಿ ಎಡವುತ್ತದೆ. ಲತಾ ಮಂಗೇಶ್ಕರ್ ಹಾಡುತ್ತಾರೆ, ಮತ್ತೆ ಲತಾ, ನಡುವೆ ಹೇಮಂತ್ ಕುಮಾರ್, ಮತ್ತೆ ಲತಾ. ಅಷ್ಟರಲ್ಲಿ ಗೀತಾ ರಾಯ್ ಬಂದುಬಿಡುತ್ತಾರೆ. ಬರೀ ದನಿ ಬದಲಾಗಿದ್ದರೆ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಹಾಡು ಕಟ್ಟಿದ ಕೈಯೇ ಬೇರೆಯೇನೋ ಎಂಬ ಅನುಮಾನ ಬರುತ್ತದೆ. ಅನುಮಾನ ನಿಜ. ‘ಆ ಜಾನೆ ವಫಾ’ ಎಂದು ಶುರುವಾಗುವ ಆ ಹಾಡು ಚಿತ್ರದ ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಅವರದ್ದಲ್ಲ, ವಸಂತ ಪ್ರಕಾಶ್ ಅವರದ್ದು. ಚಿತ್ರಕ್ಕೆ ಮೊದಲು ಸಂಗೀತ ಕೊಡಬೇಕಿದ್ದವರೇ ಅವರು. ಕೆಲಸ ಕೈಬದಲಾಯಿತು, ಉಳಿದ ಹಾಡುಗಳೆಲ್ಲ ರಾಮಚಂದ್ರರ ಪಾಲಾದವು, ವಸಂತ ಪ್ರಕಾಶರದ್ದು ಒಂದು ಮಾತ್ರ ಚಿತ್ರದಲ್ಲಿ ಉಳಿಯಿತು.

‘ಅನಾರ್ಕಲಿ’ ಅಂದರೆ ಇವತ್ತಿನವರಿಗೆ ನೆನಪಾಗುವುದು ‘ಮೊಘಲ್-ಎ-ಆಜಮ್’. ಮಧುಬಾಲಾ, ಕನ್ನಡಿಯ ಅರಮನೆ, ನೌಷಾದರ ಸಂಗೀತ. ಅದಕ್ಕೂ ಏಳು ವರ್ಷ ಮುಂಚೆ ಫಿಲ್ಮಿಸ್ತಾನ್ ಸಂಸ್ಥೆ ಇದೇ ಕಥೆಯನ್ನು ನಂದಲಾಲ್ ಜಸವಂತಲಾಲ್ ನಿರ್ದೇಶನದಲ್ಲಿ ತೆಗೆದು ದುಡ್ಡು ಬಾಚಿಕೊಂಡಿತ್ತು ಎಂಬುದನ್ನು ಜನ ಮರೆತಿದ್ದಾರೆ. ಬೀನಾ ರಾಯ್ ಅನಾರ್ಕಲಿ, ಬಂಗಾಳದಿಂದ ಬಂದಿದ್ದ ಪ್ರದೀಪ್ ಕುಮಾರ್ ಸಲೀಂ, ಮುಬಾರಕ್ ಅಕ್ಬರ್. ಅಭಿನಯವನ್ನು ನೋಡಲೆಂದೇ ಈಗ ಯಾರೂ ಆ ಚಿತ್ರ ಹಾಕುವುದಿಲ್ಲ. ಪ್ರದೀಪ್ ಕುಮಾರ್ ಅವರ ಮುಖದಲ್ಲಿ ಪ್ರೇಮಕ್ಕೂ ಪಿತೃದ್ರೋಹಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಚಿತ್ರ ಉಳಿದಿರುವುದು ಹಾಡಿನಿಂದ. ಹಾಡಿನ ವಿಷಯದಲ್ಲೇ ಹೆಸರಿನ ಗೊಂದಲ ಇರುವುದು ವಿಚಿತ್ರ.

ಸಾಹಿತ್ಯದ ಕಡೆ ನೋಡಿ. ಒಂದೇ ಚಿತ್ರಕ್ಕೆ ನಾಲ್ವರು: ರಾಜೇಂದ್ರ ಕೃಷ್ಣ, ಶೈಲೇಂದ್ರ, ಹಸರತ್ ಜೈಪುರಿ, ಜಾನ್ ನಿಸಾರ್ ಅಖ್ತರ್. ಶೈಲೇಂದ್ರ–ಹಸರತ್ ಜೋಡಿ ಶಂಕರ್–ಜೈಕಿಶನ್ ಬಳಗದವರು. ರಾಜೇಂದ್ರ ಕೃಷ್ಣ ರಾಮಚಂದ್ರರ ಜೊತೆಗಾರ. ಜಾನ್ ನಿಸಾರ್ ಇವರ್ಯಾರ ಗುಂಪಿಗೂ ಸೇರದ ಉರ್ದು ಕವಿ. ವಸಂತ ಪ್ರಕಾಶರ ಹಾಡನ್ನು ಬರೆದವರು ಈ ಜಾನ್ ನಿಸಾರ್. ಒಂದೇ ಮನೆಯಲ್ಲಿ ಎರಡು ಒಲೆ ಹೊತ್ತಿದ್ದ ಗುರುತು ಇದು. ಗೀತಾ ರಾಯ್ ಕೂಡ ಆ ಮೊದಲ ಒಲೆಯ ಕಡೆಯವರೇ. ಆ ವರ್ಷದ ಮೇ ತಿಂಗಳಲ್ಲಿ ಗುರುದತ್ತರನ್ನು ಮದುವೆಯಾಗಿ ಅವರು ಗೀತಾ ದತ್ ಆದರು. ಆಮೇಲಿನ ಕ್ಯಾಸೆಟ್ಟುಗಳಲ್ಲಿ ಈ ಹಾಡಿನ ಮುಂದೆಯೂ ಗೀತಾ ದತ್ ಎಂದೇ ಬರತೊಡಗಿತು. ಹಾಡುವಾಗ ಅವರಿಗಿಲ್ಲದ ಹೆಸರು ಹಾಡಿನ ಮೇಲೆ ಹೀಗೆ ಕೂತಿತು.

ವಸಂತ ಪ್ರಕಾಶ್ ಯಾರು? ರಾಜಸ್ಥಾನದ ಸುಜಾನಗಢದ ಸಂಗೀತ ಮನೆತನದವರು. ಇದೇ ಮನೆತನದ ಖೇಮಚಂದ್ ಪ್ರಕಾಶರ ಹೆಸರು ಹೇಳಿದರೆ ಹಳಬರ ಮುಖ ಅರಳುತ್ತದೆ. ಸೈಗಲ್ ಹಾಡಿದ ‘ತಾನ್‌ಸೇನ್’ (1943) ಖೇಮಚಂದರದ್ದು, ‘ಮಹಲ್’ (1949) ಅವರದ್ದು. ಆ ಚಿತ್ರ ತಂದ ಕೀರ್ತಿಯನ್ನು ಅನುಭವಿಸಲು ಅವರು ಉಳಿಯಲಿಲ್ಲ. ಮನೆತನದ ಹೆಸರು ವಸಂತ ಪ್ರಕಾಶರಿಗೆ ಐವತ್ತರ ದಶಕದ ಆರಂಭದಲ್ಲಿ ಕೆಲವು ಚಿತ್ರಗಳನ್ನು ಕೊಡಿಸಿತು. ‘ಅನಾರ್ಕಲಿ’ ಅವುಗಳಲ್ಲಿ ದೊಡ್ಡದಾಗಬೇಕಿತ್ತು. ಅದು ಕೈತಪ್ಪಿದ ಮೇಲೆ ಹಿಂದಿ ಚಿತ್ರಸಂಗೀತದ ಮುಂಬಾಗಿಲಿಗೆ ಅವರು ಮತ್ತೆ ಬರಲೇ ಇಲ್ಲ. ಪಟ್ಟಿಗಳಲ್ಲಿ ಅವರ ಹೆಸರು ಒಂದು ಕಡೆ ವಸಂತ, ಇನ್ನೊಂದು ಕಡೆ ಬಸಂತ. ಮರೆತುಹೋದ ಮನುಷ್ಯನನ್ನು ಎರಡು ಅಕ್ಷರದ ಕೆಳಗೆ ಹಂಚಿಟ್ಟರೆ ಹುಡುಕುವವರ ಗತಿ ಏನು?

ಕೆಲಸ ವಹಿಸಿಕೊಂಡ ರಾಮಚಂದ್ರರ ವಿಷಯಕ್ಕೆ ಬಂದರೆ ಹೆಸರಿನ ಗೊಂದಲ ಇನ್ನೂ ಸೊಗಸು. ಅಹಮದ್‌ನಗರ ಜಿಲ್ಲೆಯ ಪುಣತಾಂಬೆಯಲ್ಲಿ 1918ರಲ್ಲಿ ಹುಟ್ಟಿದ ಈ ಮರಾಠಿ ಹುಡುಗ ಸಿನಿಮಾಕ್ಕೆ ಬಂದದ್ದು ನಾಯಕನಟನಾಗಿ, ‘ನಾಗಾನಂದ’ ಎಂಬ ಚಿತ್ರದಲ್ಲಿ. ಅದರ ನಿರ್ದೇಶಕ ವೈ.ವಿ. ರಾವ್. ನಮಗೆ ಈ ಹೆಸರು ಹೊಸದಲ್ಲ: 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ವನ್ನು ನಿರ್ದೇಶಿಸಿದವರು, ನಟಿ ಲಕ್ಷ್ಮಿಯವರ ತಂದೆ. ನಾಯಕನ ಪಾತ್ರ ದಡ ಸೇರಲಿಲ್ಲ. ಸಂಗೀತ ನಿರ್ದೇಶಕನಾಗಿ ರಾಮಚಂದ್ರ ಮೊದಲು ಕೆಲಸ ಮಾಡಿದ್ದು ತಮಿಳು ಚಿತ್ರಗಳಿಗೆ, ‘ಜಯಕ್ಕೊಡಿ’ ಮತ್ತು ‘ವನಮೋಹಿನಿ’. ಮರಾಠಿ ಮಾತೃಭಾಷೆ, ಆಂಧ್ರದ ನಿರ್ದೇಶಕ, ತಮಿಳು ಹಾಡು. ಆಗಿನ ಸಿನಿಮಾಕ್ಕೆ ಗಡಿ ಅನ್ನುವುದು ಇರಲಿಲ್ಲ.

ಬೊಂಬಾಯಿಯಲ್ಲಿ ಭಗವಾನ್ ದಾದಾ ಅವರ ಚಿತ್ರಗಳಿಗೆ ಅವರು ರಾಮ್ ಚಿತಳ್ಕರ್ ಆದರು. ಬೇರೆ ಕೆಲವು ಚಿತ್ರಗಳಿಗೆ ಅಣ್ಣಾಸಾಹೇಬ್, ಮತ್ತೊಂದಕ್ಕೆ ಶ್ಯಾಮೂ. ಸಿ. ರಾಮಚಂದ್ರ ಎಂಬ ಹೆಸರು ಗಟ್ಟಿಯಾದ ಮೇಲೂ ತಾವೇ ಹಾಡಿದಾಗ ಗಾಯಕನ ಜಾಗದಲ್ಲಿ ಚಿತಳ್ಕರ್ ಎಂದು ಹಾಕಿಸುತ್ತಿದ್ದರು. ಒಬ್ಬ ಚಿತಳ್ಕರ್ ಹಾಡುತ್ತಾನೆ, ಒಬ್ಬ ರಾಮಚಂದ್ರ ಸಂಗೀತ ಕೊಡುತ್ತಾನೆ ಎಂದು ನಂಬಿದ್ದ ಕೇಳುಗರು ನಮ್ಮಲ್ಲೂ ಕಡಿಮೆಯೇನಿಲ್ಲ. ‘ಅಲ್ಬೇಲಾ’ (1951) ಚಿತ್ರದ ಜಿಗಿದಾಟದ ಹಾಡುಗಳಲ್ಲಿ ಗೋವಾದ ಚಿಕ್ ಚಾಕಲೇಟ್ ಎಂಬ ತುತ್ತೂರಿಗಾರನ ಜಾಜ್ ಬ್ಯಾಂಡಿನ ಕೈವಾಡ ದೊಡ್ಡದು. ಆತನ ನಿಜ ಹೆಸರು ಆಂಟೋನಿಯೋ ಕ್ಸೇವಿಯರ್ ವಾಜ್. ಅಡ್ಡಹೆಸರುಗಳೇ ಒಂದಾಗಿ ಸೇರಿ ಒಂದು ಹಾಡು ಕಟ್ಟುತ್ತಿದ್ದ ಕಾಲ.

ಇಂಥ ರಾಮಚಂದ್ರರನ್ನು ನಡುದಾರಿಯ ಕೆಲಸಕ್ಕೆ ಕರೆದದ್ದು ಆಶ್ಚರ್ಯವಲ್ಲ. ವೇಗ ಅವರ ಬಂಡವಾಳವಾಗಿತ್ತು. ಮುಂದೆ ‘ಆಜಾದ್’ (1955) ಚಿತ್ರಕ್ಕೆ ಎಸ್.ಎಂ. ಶ್ರೀರಾಮುಲು ನಾಯ್ಡು ಅವಸರಪಡಿಸಿದಾಗ ನೌಷಾದ್ ಒಲ್ಲೆ ಎಂದರು, ರಾಮಚಂದ್ರ ಒಪ್ಪಿ ವಾರಗಳಲ್ಲಿ ಮುಗಿಸಿಕೊಟ್ಟರು. ಆ ವೇಗದ ಗುಟ್ಟು ರಾಗದಲ್ಲಿತ್ತು. ಕೈಯಲ್ಲಿ ಪಳಗಿದ ರಾಗವನ್ನೇ ಹಿಡಿದು ಹೊಸ ಹಾಡು ತೆಗೆಯುವುದು ಅವರ ರೀತಿ. ‘ಅನಾರ್ಕಲಿ’ಯಲ್ಲಿ ಹೇಮಂತ್–ಲತಾ ಹಾಡಿದ ‘ಜಾಗ್ ದರ್ದೆ ಇಶ್ಕ್’ ಬಾಗೇಶ್ರೀ. ‘ಆಜಾದ್’ನ ರಾಧೆ–ಕೃಷ್ಣರ ಮುನಿಸಿನ ಹಾಡೂ ಬಾಗೇಶ್ರೀಯೇ. ಎರಡನ್ನೂ ಒಟ್ಟಿಗೆ ಕೇಳಿದರೆ ಅಕ್ಕ–ತಂಗಿಯರ ಮುಖಲಕ್ಷಣ ಕಾಣುತ್ತದೆ. ‘ಯೇ ಜಿಂದಗಿ ಉಸೀ ಕೀ ಹೈ’ ಹಾಡನ್ನು ಭೀಮಪಲಾಸಿಯಲ್ಲಿ ಕೂರಿಸಿದರು. ನಮ್ಮ ಕರ್ನಾಟಕ ಸಂಗೀತದ ಆಭೇರಿ ಕೇಳಿ ಬೆಳೆದ ಕಿವಿಗೆ ಅದು ತಟ್ಟನೆ ಹತ್ತಿರವಾಗುತ್ತದೆ. ಆ ಹಾಡು ಚಿತ್ರದಲ್ಲಿ ಎರಡು ಸಲ ಬರುತ್ತದೆ, ಪ್ರೇಮದ ಅಮಲಿನಲ್ಲೊಮ್ಮೆ, ಅನಾರ್ಕಲಿಯನ್ನು ಗೋಡೆಯೊಳಗೆ ಹುಗಿಯುವಾಗ ಒಮ್ಮೆ. ಎರಡನೆಯ ಸಲ ಬಂದಾಗ ಅದರ ರಾಗದ ಓಟ ಹೆಚ್ಚು ಬದಲಾಗಿಲ್ಲ, ಆದರೂ ಕೇಳುವವರ ಗಂಟಲು ಕಟ್ಟುತ್ತದೆ. ಈ ಒಂದು ಹಾಡಿನ ಎದುರು ವಸಂತ ಪ್ರಕಾಶರ ಹಾಡು ಸೋತಿತು ಎಂದೇ ನನ್ನ ತೀರ್ಪು. ಸೋತದ್ದರಲ್ಲಿ ಅನ್ಯಾಯವಿಲ್ಲ. ಸೋತವನ ಹೆಸರೂ ಅಳಿಸಿಹೋದದ್ದರಲ್ಲಿ ಇದೆ.

ಹೆಸರು ಅಳಿಸಿಹೋಗುವುದು ಆಗ ಬಹಳ ಸುಲಭವಾಗಿತ್ತು, ಅದಕ್ಕೆ ಯಾರೂ ಕೆಟ್ಟವರಾಗಬೇಕಿರಲಿಲ್ಲ. 78 ಸುತ್ತಿನ ಗ್ರಾಮಫೋನ್ ಪ್ಲೇಟಿನ ನಡುವೆ ಅಂಟಿಸಿದ ಗುಂಡು ಕಾಗದದಲ್ಲಿ ಜಾಗವೇ ಕಡಿಮೆ. ಅದರಲ್ಲಿ ಎಷ್ಟೋ ಸಲ ಹಾಡಿದವರ ಹೆಸರಿನ ಬದಲು ಪಾತ್ರದ ಹೆಸರು ಅಚ್ಚಾಗುತ್ತಿತ್ತು. ಖೇಮಚಂದ್ ಪ್ರಕಾಶರ ‘ಮಹಲ್’ ಚಿತ್ರದ ಆ ಪ್ರಸಿದ್ಧ ದೆವ್ವದ ಹಾಡಿನ ಪ್ಲೇಟಿನ ಮೇಲೆ ಗಾಯಕಿಯ ಹೆಸರು ‘ಕಾಮಿನಿ’ ಎಂದಿತ್ತು. ಕಾಮಿನಿ ಮಧುಬಾಲಾರ ಪಾತ್ರ. ಈ ಕಾಮಿನಿ ಯಾರು ಎಂದು ಕೇಳುಗರು ರೇಡಿಯೋಗೆ ಪತ್ರದ ಮೇಲೆ ಪತ್ರ ಬರೆದು ಕೇಳಿದ ಮೇಲೆಯೇ ಲತಾ ಮಂಗೇಶ್ಕರ್ ಎಂಬ ಹೆಸರು ಗಾಳಿಯಲ್ಲಿ ಬಂದದ್ದು. ಲತಾ ಅಂಥವರಿಗೇ ಹೀಗಾದರೆ ಉಳಿದವರದ್ದು ಕೇಳುವುದೇ ಬೇಡ.

‘ಅನಾರ್ಕಲಿ’ ಬಂದ ಹೊತ್ತಿಗೆ ರೇಡಿಯೋದಲ್ಲೇ ಜಗಳ ಎದ್ದಿತ್ತು. 1952ರಲ್ಲಿ ಬಿ.ವಿ. ಕೇಸ್ಕರ್ ಮಾಹಿತಿ ಮತ್ತು ಪ್ರಸಾರ ಸಚಿವರಾದರು. ಸಿನಿಮಾ ಹಾಡು ಎಂದರೆ ಅವರಿಗೆ ಆಗದು. ಹಾಡಿನ ಜೊತೆ ಚಿತ್ರದ ಹೆಸರು ಹೇಳಿದರೆ ಅದು ಪುಕ್ಕಟೆ ಜಾಹೀರಾತು ಎಂದು ಆಕಾಶವಾಣಿ ಚಿತ್ರದ ಹೆಸರು ಕೈಬಿಟ್ಟು ಹಾಡಿದವರ ಹೆಸರು ಮಾತ್ರ ಹೇಳತೊಡಗಿತು. ನಿರ್ಮಾಪಕರು ಸಿಟ್ಟಾಗಿ ಹಾಡು ಬಳಸುವ ಅನುಮತಿಯನ್ನೇ ಹಿಂತೆಗೆದುಕೊಂಡರು. ಆಕಾಶವಾಣಿ ಕೈಬಿಟ್ಟದ್ದನ್ನು ರೇಡಿಯೋ ಸಿಲೋನ್ ಎತ್ತಿಕೊಂಡಿತು. 1952ರ ಡಿಸೆಂಬರ್‌ನಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಶುರುವಾಯಿತು. ಅದರ ಮೊದಲ ವರ್ಷದ ಕೊನೆಯ ಪಟ್ಟಿಯಲ್ಲಿ ‘ಯೇ ಜಿಂದಗಿ ಉಸೀ ಕೀ ಹೈ’ ತುದಿಯಲ್ಲಿ ಕೂತಿತ್ತು. ನಮ್ಮ ಹಳೇ ತಲೆಮಾರಿನ ಎಷ್ಟೋ ಮಂದಿ ಹಿಂದಿ ಹಾಡು ಕಲಿತದ್ದು ಬುಧವಾರ ಸಂಜೆಯ ಆ ಗರಗರದ ನಡುವೆ. ಆ ಅಲೆಯಲ್ಲಿ ರಾಮಚಂದ್ರರ ಹೆಸರು ತೇಲಿತು. ವಸಂತ ಪ್ರಕಾಶರ ಹಾಡಿಗೆ ಪಟ್ಟಿಯ ತುದಿಯಲ್ಲಿ ಜಾಗವಿರಲಿಲ್ಲ. ಹೇಳಿಸಿಕೊಳ್ಳದ ಹೆಸರು ಉಳಿಯುವುದಾದರೂ ಹೇಗೆ?

ಹೀಗೆ ಅರ್ಧ ದಾರಿಯಲ್ಲಿ ಕೈಬದಲಾಗುವ ಶಾಪ ಚಾರಿತ್ರಿಕ ಪ್ರೇಮಕಥೆಗಳಿಗೇ ಹೆಚ್ಚು ತಟ್ಟಿದೆ. ಕಾರಣ ಸರಳ. ಸೆಟ್ಟು, ಒಡವೆ, ಆನೆ, ಸೈನ್ಯ ಎಂದು ಖರ್ಚು ಏರುತ್ತದೆ, ಸಾಲ ಕೊಡುವವ ಕೈಯೆತ್ತುತ್ತಾನೆ, ಚಿತ್ರ ವರ್ಷಗಟ್ಟಲೆ ನಿಲ್ಲುತ್ತದೆ. ಅಷ್ಟರಲ್ಲಿ ನಟ ಮುದುಕನಾಗುತ್ತಾನೆ ಅಥವಾ ಸಂಗೀತಗಾರ ತೀರಿಕೊಳ್ಳುತ್ತಾನೆ. ಸಾಮಾಜಿಕ ಚಿತ್ರ ಆರು ತಿಂಗಳಲ್ಲಿ ಮುಗಿಯುತ್ತದೆ, ಅಲ್ಲಿ ಈ ತಾಪತ್ರಯ ಕಡಿಮೆ.

ಅನಾರ್ಕಲಿಯ ಕಥೆಯಂತೂ ಮೊದಲಿನಿಂದಲೂ ಪೈಪೋಟಿಯದ್ದೇ. ಲಾಹೋರಿನಲ್ಲಿ ಅವಳದೆಂದು ಹೇಳುವ ಗೋರಿಯ ಕಟ್ಟಡವಿದೆ, ಈಗ ಅಲ್ಲಿ ಪಂಜಾಬ್ ಸರ್ಕಾರದ ದಾಖಲೆಗಳಿವೆ. ಚರಿತ್ರೆಯಲ್ಲಿ ಅವಳಿಗೆ ಗಟ್ಟಿ ಆಧಾರವಿಲ್ಲ. ಕಥೆಗೆ ಇವತ್ತಿನ ರೂಪ ಕೊಟ್ಟದ್ದು ಇಮ್ತಿಯಾಜ್ ಅಲಿ ತಾಜ್ 1922ರಲ್ಲಿ ಬರೆದ ಉರ್ದು ನಾಟಕ. 1928ರಲ್ಲಿ ಮೂಕಿ ಕಾಲದಲ್ಲಿ ಒಂದು ಕಂಪನಿ ಇದನ್ನು ತೆಗೆಯುತ್ತಿದೆ ಎಂದು ಗೊತ್ತಾಗುತ್ತಲೇ ಬೊಂಬಾಯಿಯ ಇಂಪೀರಿಯಲ್ ಕಂಪನಿ ಅವಸರದಲ್ಲಿ ತನ್ನದೊಂದು ‘ಅನಾರ್ಕಲಿ’ ಮಾಡಿ ಮೊದಲೇ ಬಿಡುಗಡೆ ಮಾಡಿಬಿಟ್ಟಿತು. ಅದರ ನಾಯಕಿ ಸುಲೋಚನಾ, ಅಂದರೆ ರೂಬಿ ಮಯರ್ಸ್. 1935ರ ಟಾಕಿಯಲ್ಲೂ ಅವರೇ ಅನಾರ್ಕಲಿ. 1953ರ ಚಿತ್ರದಲ್ಲಿ ಅವರಿಗೆ ಸಿಕ್ಕಿದ್ದು ಸಲೀಮನ ತಾಯಿ ಜೋಧಾಬಾಯಿಯ ಪಾತ್ರ. ಸಿನಿಮಾರಂಗ ಹೆಣ್ಣನ್ನು ನಡೆಸಿಕೊಳ್ಳುವ ರೀತಿಗೆ ಇದಕ್ಕಿಂತ ಚೆಂದದ ಸಾಕ್ಷಿ ಬೇಕಿಲ್ಲ. ಫಿಲ್ಮಿಸ್ತಾನ್ ತನ್ನ ಚಿತ್ರ ಮುಗಿಸುವ ಕಾಲದಲ್ಲೇ ಕಮಾಲ್ ಅಮ್ರೋಹಿ ಮೀನಾ ಕುಮಾರಿಯವರನ್ನು ನಾಯಕಿಯಾಗಿಟ್ಟು ಇನ್ನೊಂದು ‘ಅನಾರ್ಕಲಿ’ಗೆ ಕೈಹಾಕಿದ್ದರು. ಅದು ನಿಂತುಹೋಯಿತು. ಅವರಿಬ್ಬರ ಮದುವೆ ಮಾತ್ರ ನಡೆಯಿತು. ಇತ್ತ ಕೆ. ಆಸಿಫ್ 1940ರ ದಶಕದಿಂದಲೇ ‘ಮೊಘಲ್-ಎ-ಆಜಮ್’ ಹಿಡಿದುಕೊಂಡು ಕೂತಿದ್ದರು. ಅಕ್ಬರನಾಗಬೇಕಿದ್ದ ಚಂದ್ರಮೋಹನ್ 1949ರಲ್ಲಿ ತೀರಿಕೊಂಡು ಎಲ್ಲವನ್ನೂ ಹೊಸದಾಗಿ ಶುರುಮಾಡಬೇಕಾಯಿತು. ಚಿತ್ರ ಬಂದದ್ದು 1960ರ ಆಗಸ್ಟ್‌ನಲ್ಲಿ. ಸಂಗೀತ ಪೂರ್ತಿ ನೌಷಾದರದ್ದು, ಅಲ್ಲಿ ಗೊಂದಲವಿಲ್ಲ ಎಂದುಕೊಳ್ಳುವಷ್ಟರಲ್ಲಿ ಸಾಹಿತ್ಯದಲ್ಲಿ ಎಳೆ ಸಿಗುತ್ತದೆ: ಪನಘಟದ ಮೇಲೆ ನಂದಲಾಲ ಕಾಡಿದ ಆ ಠುಮ್ರಿಯ ಮೂಲ ಗುಜರಾತಿ ರಂಗಭೂಮಿಯಲ್ಲಿದೆ, ರಸಕವಿ ರಘುನಾಥ ಬ್ರಹ್ಮಭಟ್ಟರ ನಾಟಕವೊಂದರಲ್ಲಿ. ಜನ ತಿಳಿದಿರುವುದು ಶಕೀಲ್ ಬದಾಯುನಿ ಎಂದು.

ತೆಲುಗು–ತಮಿಳಿನಲ್ಲಿ 1955ರಲ್ಲಿ ಅಂಜಲಿ ಪಿಕ್ಚರ್ಸ್ ತೆಗೆದ ‘ಅನಾರ್ಕಲಿ’ ನಮ್ಮ ಬೆಂಗಳೂರು, ಕೋಲಾರ, ಬಳ್ಳಾರಿ ಕಡೆಯವರಿಗೆ ಗೊತ್ತಿರುವ ಚಿತ್ರ. ನಾಗೇಶ್ವರ ರಾವ್, ಅಂಜಲಿದೇವಿ, ಅಕ್ಬರನಾಗಿ ಎಸ್.ವಿ. ರಂಗರಾವ್. ಸಂಗೀತ ಅಂಜಲಿದೇವಿಯವರ ಪತಿ ಪಿ. ಆದಿನಾರಾಯಣ ರಾವ್. ಒಳ್ಳೆಯ ಸಂಗೀತಗಾರ, ಘಂಟಸಾಲ–ಜಿಕ್ಕಿ ಹಾಡಿದ ಅವರ ಸ್ವಂತ ಹಾಡುಗಳು ಯಾವ ಹಿಂದಿ ಹಾಡಿಗೂ ಕಡಿಮೆಯಲ್ಲ. ಆದರೆ ಜಿಕ್ಕಿಯವರ ಕಂಠದಲ್ಲಿ ಬಂದ ‘ಜೀವಿತಮೇ ಸಫಲಮು’ ಕೇಳಿದರೆ ಅದು ರಾಮಚಂದ್ರರ ಭೀಮಪಲಾಸಿಯ ‘ಯೇ ಜಿಂದಗಿ’ಯೇ. ವಸಂತ ಪ್ರಕಾಶರ ಹಾಡನ್ನು ತಮ್ಮ ಹೆಸರಿನ ಕೆಳಗೆ ಪಡೆದ ರಾಮಚಂದ್ರರ ಹಾಡು ಎರಡೇ ವರ್ಷದಲ್ಲಿ ಇನ್ನೊಬ್ಬರ ಹೆಸರಿನ ಕೆಳಗೆ ಹೋಗಿ ಕೂತಿತು. ಇಬ್ಬರೂ ಕಳ್ಳರಲ್ಲ. ಹಾಡು ಸಿನಿಮಾದ್ದು, ಸಿನಿಮಾ ನಿರ್ಮಾಪಕನದ್ದು ಎಂಬ ತಿಳಿವಳಿಕೆಯಲ್ಲಿ ಎಲ್ಲರೂ ಕೆಲಸ ಮಾಡುತ್ತಿದ್ದರು.

ಫಿಲ್ಮಿಸ್ತಾನ್ ಮತ್ತು ನಂದಲಾಲ್ ಜಸವಂತಲಾಲ್ ಮರುವರ್ಷವೇ ‘ನಾಗಿನ್’ ಕೊಟ್ಟರು. ಪ್ರದೀಪ್ ಕುಮಾರ್ ಮತ್ತೆ ನಾಯಕ. ಹಿಂದಿನ ಚಿತ್ರಕ್ಕೆ ಹಾಡಿದ್ದ ಹೇಮಂತ್ ಕುಮಾರ್ ಇದಕ್ಕೆ ಸಂಗೀತ ನಿರ್ದೇಶಕ. ಆ ಪುಂಗಿ ನಾದಕ್ಕೆ ತಲೆದೂಗದ ಊರಿಲ್ಲ. ನಮ್ಮ ಜಾತ್ರೆ–ಮದುವೆಗಳ ಬ್ಯಾಂಡಿನವರು ಇವತ್ತಿಗೂ ಅದನ್ನು ಬಿಟ್ಟಿಲ್ಲ. ಅದು ಪುಂಗಿಯೇ ಅಲ್ಲ. ಕ್ಲಾವಿಯೋಲಿನ್ ಎಂಬ ವಿದ್ಯುತ್ ಕೀಬೋರ್ಡನ್ನು ನುಡಿಸಿದವರು ಕಲ್ಯಾಣಜಿ, ಹಾರ್ಮೋನಿಯಂನಲ್ಲಿ ಜೊತೆಗಿದ್ದವರು ಹೇಮಂತರ ಸಹಾಯಕ ರವಿ. ಮುಂದೆ ಒಬ್ಬರು ಕಲ್ಯಾಣಜಿ–ಆನಂದಜಿ ಜೋಡಿಯಾದರು, ಇನ್ನೊಬ್ಬರು ‘ಚೌದ್ವೀ ಕಾ ಚಾಂದ್’ಗೆ ಸಂಗೀತ ಕೊಟ್ಟರು. ಫಿಲ್ಮ್‌ಫೇರ್ ಪ್ರಶಸ್ತಿ ಹೇಮಂತರಿಗೆ ಬಂತು. ಬರಬೇಕಾದ್ದೇ. ಆದರೆ ಜನರ ಕಿವಿಯಲ್ಲಿ ಉಳಿದ ನಾದ ಹುಟ್ಟಿದ್ದು ಮೂವರ ಬೆರಳಿನಿಂದ ಎಂಬುದನ್ನು ಸಂಗೀತ ಎಂಬ ಒಂದು ಸಾಲು ಹೇಳುವುದಿಲ್ಲ. ಸಹಾಯಕ ಎಂಬ ಹುದ್ದೆಯೇ ಹಾಗೆ. ಕನ್ನಡದಲ್ಲಿ ಜಿ.ಕೆ. ವೆಂಕಟೇಶ್ ಅವರ ಬಳಿ ವರ್ಷಗಟ್ಟಲೆ ಸಹಾಯಕರಾಗಿದ್ದವರು ಇಳಯರಾಜ. ಆ ಕಾಲದ ರಾಜ್‌ಕುಮಾರ್ ಚಿತ್ರಗಳ ಹಾಡು ಕೇಳುವಾಗ ಗಿಟಾರು ಮತ್ತು ಪಿಟೀಲಿನ ಹಂಚಿಕೆಯಲ್ಲಿ ಅವರ ಪಾಲೆಷ್ಟು ಎಂಬ ಚರ್ಚೆ ಹಾಡು ಹುಚ್ಚರ ನಡುವೆ ಇಂದಿಗೂ ಮುಗಿದಿಲ್ಲ.

ಖೇಮಚಂದ್ ಪ್ರಕಾಶರ ಕಥೆಗೆ ಮರಳೋಣ, ಏಕೆಂದರೆ ಈ ಗೋಜಲಿನ ಎಲ್ಲ ದಾರಿಗಳೂ ಅಲ್ಲೇ ಹೋಗಿ ಸೇರುತ್ತವೆ. ಖೇಮಚಂದರಿಗೆ ಒಂದು ಕಾಲದಲ್ಲಿ ಸಹಾಯಕರಾಗಿದ್ದವರು ನೌಷಾದ್. ನೌಷಾದರಿಗೆ ಬಹುಕಾಲ ಸಹಾಯಕರಾಗಿದ್ದವರು ಗುಲಾಂ ಮೊಹಮ್ಮದ್. ತಬಲಾ–ಢೋಲಕ್ ಮೇಲೆ ಅಪೂರ್ವ ಹಿಡಿತವಿದ್ದ ಕಲಾವಿದ, ‘ಮಿರ್ಜಾ ಗಾಲಿಬ್’ (1954) ಚಿತ್ರದ ಸಂಗೀತಕಾರ. ಖೇಮಚಂದರ ‘ಮಹಲ್’ ನಿರ್ದೇಶಿಸಿದ ಕಮಾಲ್ ಅಮ್ರೋಹಿ ತಮ್ಮ ‘ಪಾಕೀಜಾ’ವನ್ನು ಒಪ್ಪಿಸಿದ್ದು ಈ ಗುಲಾಂ ಮೊಹಮ್ಮದರಿಗೆ. 1956ರಲ್ಲಿ ಶುರುವಾದ ಚಿತ್ರ, ಅಮ್ರೋಹಿ–ಮೀನಾ ಕುಮಾರಿ ದಂಪತಿಯ ಜಗಳದಿಂದ ನಿಂತು, ಮತ್ತೆ ಎದ್ದು, ತೆರೆಕಂಡದ್ದು 1972ರ ಫೆಬ್ರುವರಿಯಲ್ಲಿ. ಅಷ್ಟರಲ್ಲಿ ಛಾಯಾಗ್ರಾಹಕ, ಜರ್ಮನಿಯ ಯೋಸೆಫ್ ವಿರ್ಶಿಂಗ್ 1967ರಲ್ಲಿ ತೀರಿಕೊಂಡರು, ಗುಲಾಂ ಮೊಹಮ್ಮದ್ 1968ರಲ್ಲಿ. ಹಾಡುಗಳು ಆಗಲೇ ಮುದ್ರಣವಾಗಿದ್ದವು. ಹಿನ್ನೆಲೆ ಸಂಗೀತ ಆಗಿರಲಿಲ್ಲ. ಸಹಾಯಕನ ಕೆಲಸವನ್ನು ಮುಗಿಸಲು ಗುರು ಬಂದರು.

ನೌಷಾದ್ ಹಿನ್ನೆಲೆ ಸಂಗೀತವನ್ನು ತುಂಬಿದರು. ನರ್ತಕಿಯರ ಕೋಠಾಗಳ ದೃಶ್ಯಗಳ ಹಿಂದೆ ಎಲ್ಲೋ ದೂರದಿಂದ ತೇಲಿಬರುವ ಠುಮ್ರಿ–ದಾದ್ರಾಗಳೂ ಅವರದ್ದೇ: ಪರ್ವೀನ್ ಸುಲ್ತಾನಾ, ರಾಜಕುಮಾರಿ, ವಾಣಿ ಜಯರಾಂ. ‘ಉಪಾಸನೆ’ಯ ಹಾಡಿನಿಂದ ಕನ್ನಡದ ಮನೆಮಗಳಾದ ವಾಣಿ ಜಯರಾಂ ‘ಪಾಕೀಜಾ’ದಲ್ಲೂ ಇದ್ದಾರೆ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು, ಏಕೆಂದರೆ ಆ ದನಿ ಪರದೆಯ ಮೇಲೆ ಯಾರ ತುಟಿಗೂ ಸೇರಿಲ್ಲ. ಮುಖ್ಯ ಹಾಡುಗಳು ಗುಲಾಂ ಮೊಹಮ್ಮದರವು, ಹಿಂದಿನ ಗಾಳಿ ನೌಷಾದರದ್ದು. ಆದರೆ ಕ್ಯಾಸೆಟ್ಟು ಕಾಲಕ್ಕೆ ಬರುವಷ್ಟರಲ್ಲಿ ಎರಡೂ ಹೆಸರು ಅಕ್ಕಪಕ್ಕ ಕೂತು, ಬದುಕಿದ್ದ ಪ್ರಸಿದ್ಧರ ಹೆಸರೇ ಬಾಯಿಗೆ ಮೊದಲು ಬರತೊಡಗಿತು. ಇನ್ನೂ ಕೆದಕಿದರೆ ‘ಇನ್ಹೀ ಲೋಗೋಂನೇ’ ಹಾಡಿನ ಹಳೆಯ ರೂಪವೊಂದನ್ನು ಶಂಷಾದ್ ಬೇಗಂ ಅವರು ‘ಹಿಮ್ಮತ್’ ಎಂಬ 1941ರ ಚಿತ್ರಕ್ಕೆ ಹಾಡಿಟ್ಟಿದ್ದಾರೆ. ಹಾಗಾದರೆ ಆ ಹಾಡು ಯಾರದ್ದು? ಕೋಠಾಗಳಲ್ಲಿ ಹಾಡುತ್ತಿದ್ದ ಹೆಸರಿಲ್ಲದ ಹೆಂಗಸರದ್ದು ಎಂದರೆ ಹೆಚ್ಚು ತಪ್ಪಾಗಲಾರದು.

‘ಪಾಕೀಜಾ’ ತೆರೆಕಂಡ ವರ್ಷದ ಫಿಲ್ಮ್‌ಫೇರ್ ಸಂಗೀತ ಪ್ರಶಸ್ತಿ ‘ಬೇಈಮಾನ್’ ಚಿತ್ರಕ್ಕಾಗಿ ಶಂಕರ್–ಜೈಕಿಶನ್ ಅವರಿಗೆ ಹೋಯಿತು. ಅದೇ ಚಿತ್ರಕ್ಕೆ ಪೋಷಕ ನಟ ಪ್ರಶಸ್ತಿ ಗೆದ್ದ ಪ್ರಾಣ್, ಸಂಗೀತದ ಪ್ರಶಸ್ತಿ ‘ಪಾಕೀಜಾ’ದ ಗುಲಾಂ ಮೊಹಮ್ಮದರಿಗೆ ಸಲ್ಲಬೇಕಿತ್ತು ಎಂದು ತಮ್ಮ ಪ್ರಶಸ್ತಿಯನ್ನು ನಿರಾಕರಿಸಿದರು. ಖಳನಟನೊಬ್ಬ ತೋರಿದ ಈ ದೊಡ್ಡತನ ನಾಯಕರಲ್ಲಿ ಯಾರಿಗೂ ಹೊಳೆಯಲಿಲ್ಲ. ಚಿತ್ರದಲ್ಲಿ ಬಳಸದೆ ಉಳಿದಿದ್ದ ಗುಲಾಂ ಮೊಹಮ್ಮದರ ಹಾಡುಗಳನ್ನು ಎಚ್‌ಎಂವಿ 1977ರಲ್ಲಿ ‘ಪಾಕೀಜಾ ರಂಗ್ ಬರಂಗ್’ ಎಂಬ ಹೆಸರಿನಲ್ಲಿ ಹೊರತಂದಿತು. ಕೇಳಿ ನೋಡಿ, ಬೇರೆ ಯಾರಾದರೂ ಆಗಿದ್ದರೆ ಇವುಗಳಿಂದಲೇ ಇನ್ನೆರಡು ಚಿತ್ರ ಮಾಡುತ್ತಿದ್ದರು.

ಸಾವು ನಡುವೆ ಬಂದಾಗ ಹೆಸರು ಹಂಚುವುದು ಹೇಗೆ ಎಂಬುದಕ್ಕೆ ಇನ್ನೂ ಒಂದು ಪ್ರೇಮಕಥೆ ಇದೆ. ಎಚ್.ಎಸ್. ರವೈಲ್ ಅವರ ‘ಲೈಲಾ ಮಜ್ನೂ’ (1976). ಅದರ ಸಂಗೀತ ನಿರ್ದೇಶಕ ಮದನ್ ಮೋಹನ್ 1975ರ ಜುಲೈಯಲ್ಲಿ ತೀರಿಕೊಂಡರು, ಉಳಿದ ಕೆಲಸವನ್ನು ಜೈದೇವ್ ಮುಗಿಸಿದರು. ಇಬ್ಬರ ಹೆಸರೂ ಇದೆ. ಯಾವ ಹಾಡು ಯಾರದ್ದು ಎಂಬುದು ಮಾತ್ರ ಸಾಮಾನ್ಯ ಕೇಳುಗನಿಗೆ ತಲುಪಿಲ್ಲ. ಒಳ್ಳೆಯದೆಲ್ಲ ಮದನ್ ಮೋಹನರದ್ದೇ ಎಂದುಕೊಂಡು ಸುಮ್ಮನಾಗುತ್ತಾನೆ. ಜೈದೇವ್ ಬದುಕಿಡೀ ಇಂಥದ್ದನ್ನು ಸಹಿಸಿದವರು.

ಇದೆಲ್ಲ ಹಾಡು ಹುಚ್ಚರ ಹರಟೆ, ಹೆಸರಿಗೇನು ಬೆಲೆ ಎನ್ನುವವರಿಗೆ ನ್ಯಾಯಾಲಯದ ಕಡೆ ಬೆರಳು ತೋರಿಸಬೇಕು. 1977ರಲ್ಲಿ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ ಮತ್ತು ಈಸ್ಟರ್ನ್ ಇಂಡಿಯಾ ಮೋಷನ್ ಪಿಕ್ಚರ್ಸ್ ಅಸೋಸಿಯೇಷನ್ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಸಾರ ಇಷ್ಟು: ದುಡ್ಡು ಕೊಟ್ಟು ಸಂಗೀತ ಮಾಡಿಸಿದ ನಿರ್ಮಾಪಕನೇ, ಬೇರೆ ಒಪ್ಪಂದವಿಲ್ಲದಿದ್ದರೆ, ಚಿತ್ರದಲ್ಲಿರುವ ಆ ಸಂಗೀತದ ಹಕ್ಕಿನ ಮೊದಲ ಒಡೆಯ. ಅದೇ ತೀರ್ಪಿಗೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಒಂದು ಟಿಪ್ಪಣಿ ಸೇರಿಸಿ, ಹಾಡುವವರಿಗೆ ನಮ್ಮ ಕಾನೂನಿನಲ್ಲಿ ಹಕ್ಕೇ ಇಲ್ಲದಿರುವುದರ ಕಡೆ ಸಂಸತ್ತಿನ ಗಮನ ಸೆಳೆದರು. ಸಂಸತ್ತು ಪೂರ್ತಿ ಕಿವಿಗೊಡಲು 2012 ಬರಬೇಕಾಯಿತು. ಆ ವರ್ಷದ ತಿದ್ದುಪಡಿ, ಹಾಡು ಬರೆದವರಿಗೂ ರಾಗ ಕಟ್ಟಿದವರಿಗೂ ಚಿತ್ರಮಂದಿರದ ಹೊರಗಿನ ಬಳಕೆಯ ಗೌರವಧನದಲ್ಲಿ ಪಾಲು ಕೊಟ್ಟಿತು. ಆ ಪಾಲನ್ನು ಬರೆಸಿಕೊಂಡು ಕಸಿಯುವುದಕ್ಕೂ ತಡೆ ಹಾಕಿತು. ಈಗ ಒಂದು ಹಳೆಯ ಹಾಡು ಫೋನಿನಲ್ಲಿ ಮೊಳಗಿದರೆ ಎಲ್ಲೋ ಒಂದು ಲೆಕ್ಕದ ಪುಸ್ತಕದಲ್ಲಿ ಪೈಸೆ ಬೀಳುತ್ತದೆ. ಯಾರ ಹೆಸರಿನ ಮುಂದೆ ಬೀಳುತ್ತದೆ ಎಂಬುದೇ ಪ್ರಶ್ನೆ. ಒಂದು ಚಿತ್ರಕ್ಕೆ ಒಂದೇ ಸಂಗೀತ ನಿರ್ದೇಶಕ ಎಂದು ತುಂಬಿದ ಪಟ್ಟಿಯಲ್ಲಿ ವಸಂತ ಪ್ರಕಾಶರಂಥವರಿಗೆ ಖಾನೆಯೇ ಇರುವುದಿಲ್ಲ. ಐವತ್ತರ ದಶಕದಲ್ಲಿ ಪ್ಲೇಟಿನ ಕಾಗದ ಸಣ್ಣದಿತ್ತು ಎಂಬ ನೆವವಿತ್ತು. ಈಗ ಜಾಗಕ್ಕೇನು ಕೊರತೆ?

ವಸಂತ ಪ್ರಕಾಶರ ಹಾಡು ಇವತ್ತು ಅವರದ್ದೇ ಎಂದು ನಾವು ಹೇಳಬಲ್ಲೆವಾದರೆ ಅದು ಸಂಗ್ರಾಹಕರ ಪುಣ್ಯ. ಕಾನ್ಪುರದ ಹರಮಂದಿರ್ ಸಿಂಗ್ ‘ಹಮ್‌ರಾಜ್’ ಬ್ಯಾಂಕಿನ ನೌಕರಿ ಮಾಡುತ್ತಲೇ ಹಿಂದಿ ಚಿತ್ರಗೀತೆಗಳ ಕೋಶವನ್ನು ದಶಕಕ್ಕೊಂದು ಸಂಪುಟದಂತೆ ಕಟ್ಟಿದರು. ಸಿನಿಮಾ, ಹಾಡು, ಕವಿ, ಗಾಯಕ, ಸಂಗೀತಗಾರ, ರೆಕಾರ್ಡಿನ ಸಂಖ್ಯೆ. ಅವರ ಮುಖ್ಯ ಆಧಾರಗಳಲ್ಲೊಂದು ಟಾಕೀಸಿನ ಬಾಗಿಲಲ್ಲಿ ಕೆಲವೇ ಕಾಸಿಗೆ ಮಾರುತ್ತಿದ್ದ ಹಾಡಿನ ಪುಸ್ತಕ. ಕನ್ನಡದಲ್ಲಿ ಆ ಕೆಲಸ ಅಷ್ಟು ವ್ಯವಸ್ಥಿತವಾಗಿ ಆಗಬೇಕಿದೆ. ‘ಸತಿ ಸುಲೋಚನ’ದ ಪ್ರತಿಯೇ ಉಳಿದಿಲ್ಲ, ನಲವತ್ತು–ಐವತ್ತರ ದಶಕದ ನಮ್ಮ ಅನೇಕ ಚಿತ್ರಗಳ ಬಗ್ಗೆ ಉಳಿದಿರುವುದು ಹಾಡಿನ ಪುಸ್ತಕ, ಕರಪತ್ರ, ಪ್ಲೇಟು ಇಷ್ಟೇ. ಅಟ್ಟದ ಮೇಲೆ ತಾತನ ಟ್ರಂಕಿನಲ್ಲಿ ಅಂಥ ಪುಸ್ತಕವೋ ಪ್ಲೇಟೋ ಇದ್ದರೆ ರದ್ದಿಯವನಿಗೆ ತೂಕಕ್ಕೆ ಹಾಕಬೇಡಿ. ಪ್ಲೇಟಿನ ಎರಡೂ ಬದಿಯ ಕಾಗದವನ್ನು, ಪುಸ್ತಕದ ಎಲ್ಲ ಪುಟಗಳನ್ನು, ಕೊನೆಯ ಪುಟದ ಸಹಾಯಕರ ಪಟ್ಟಿಯನ್ನೂ ಸೇರಿಸಿ ಫೋಟೋ ತೆಗೆದಿಡಿ. ಇಟ್ಟುಕೊಳ್ಳಲು ಮನೆಯಲ್ಲಿ ಜಾಗವಿಲ್ಲದಿದ್ದರೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇಂಥವನ್ನು ಕಾಪಾಡುತ್ತದೆ; ಅಲ್ಲಿಗೆ ಕೊಡಿ.